ಅಪ್‌ಡೇಟ್: ಮುಖದ ನರದ ಆಪರೇಷನ್ ಆಯ್ತು
ಟ್ರೈಜೆಮಿನಲ್ ನ್ಯೂರಾಲ್ಜಿಯಾಗೆ (ಮುಖದ ನರ ಕೆರಳಿ, ಹಲ್ಲುಜ್ಜಿದರೂ ಕರೆಂಟ್ ಹೊಡೆದಂತೆ ಬರುವ ನೋವು) ಆಪರೇಷನ್ ಮಾಡಿಸಲೋ ಬೇಡವೋ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಮಾಡಿಸಿಕೊಂಡೆ. ಕಿವಿಯ ಹಿಂದೆ ತೆರೆದು, ನರಕ್ಕೂ ಅದನ್ನು ಒತ್ತುತ್ತಿದ್ದ ರಕ್ತನಾಳಕ್ಕೂ ನಡುವೆ ಟೆಫ್ಲಾನ್ ತುಂಡು ಇಟ್ಟರು. ಎಚ್ಚರವಾದಾಗ ಆ ಕರೆಂಟ್ ಹೊಡೆದಂಥ ನೋವು ಇರಲೇ ಇಲ್ಲ. ಮೊದಲ ಸಲ ಹಲ್ಲುಜ್ಜುವಾಗ ಖುಷಿಗೆ ಅಳು ಬಂತು.

ಆದರೆ ಆರನೇ ದಿನ ಬಗ್ಗಿದಾಗ ಮೂಗಿನಿಂದ ನೀರು ತೊಟ್ಟಿಕ್ಕಿತು, ಬಾಯಲ್ಲಿ ಉಪ್ಪುಪ್ಪು. ನೆಗಡಿ ಎಂದುಕೊಂಡು ಒಂದು ದಿನ ಸುಮ್ನೆ ಇದ್ದೆ. ಹಾಗೆ ಮಾಡಬಾರದಿತ್ತು. ಸೋರುತ್ತಿದ್ದದ್ದು ಮಿದುಳಿನ ಸುತ್ತಲಿನ ದ್ರವ. ಹಾಗೇ ಬಿಟ್ಟರೆ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಆಗಬಹುದು. ಬೆನ್ನಿಗೆ ಸಣ್ಣ ನಳಿಕೆ ಹಾಕಿ, ಮಲಗಿಸಿ, ಸೋರಿಕೆ ನಿಲ್ಲಿಸಿದರು.

ಈಗ ಕೆನ್ನೆ ಜೋಮು ಹಿಡಿದಂತಿದೆ, ಆ ಕಡೆಯ ಕಿವಿ ಸ್ವಲ್ಪ ಮಂದ. ಆ ನೋವಿಗಿಂತ ಇದು ಎಷ್ಟೋ ವಾಸಿ ಅಲ್ವಾ? ಆ ನೋವಿಗೆ ತಗೊಳ್ಳುತ್ತಿದ್ದ ಕಾರ್ಬಮಜೆಪಿನ್ ಮಾತ್ರೆಯನ್ನು ಒಮ್ಮೆಲೇ ಬಿಡದೆ, ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸುತ್ತಿದ್ದೇನೆ.