ಮಂಡಿಚಿಪ್ಪು ಮೂರು ಸಲ ಜಾರಿದೆ, ಹೊಸ ಲಿಗಮೆಂಟ್ ಹಾಕಿಸಲೇಬೇಕಾ?

ಪ್ರಶ್ನೆ: ಡಾಕ್ಟ್ರೇ, ಮಗಳಿಗೆ 19 ವರ್ಷ, ಥ್ರೋಬಾಲ್ ಆಡ್ತಾಳೆ. ಎರಡು ವರ್ಷದಲ್ಲಿ ಮೂರು ಸಲ ಬಲಗಾಲಿನ ಮಂಡಿಚಿಪ್ಪು ಹೊರಮಗ್ಗುಲಿಗೆ ಜಾರಿದೆ. ಎಂಆರ್‌ಐ ರಿಪೋರ್ಟಲ್ಲಿ ಎಂಪಿಎಫ್‌ಎಲ್ (ಚಿಪ್ಪನ್ನ ಒಳಬದಿಯಿಂದ ಹಿಡಿದಿಡೋ ಲಿಗಮೆಂಟ್) ಹರಿದಿದೆ, ಟಿಟಿ-ಟಿಜಿ 15 ಮಿ.ಮೀ. ಅಂತಿದೆ. ಹರಿದದ್ದನ್ನ ಹೊಲಿದರೆ ಸಾಲದಾ? ಹೊಸ ಲಿಗಮೆಂಟ್ ಮಾಡೋಕೆ ತೊಡೆಯಿಂದ ನರ ತೆಗೀತಾರಂತೆ, ಕಾಲಿನ ಬಲ ಹೋಗಲ್ವಾ?

ಉತ್ತರ (ಮೂಳೆ ಶಸ್ತ್ರಚಿಕಿತ್ಸಕರು): ಮೊದಲ ಸಲ ಜಾರಿದಾಗ ಮೂಳೆ-ಮೃದ್ವಸ್ಥಿಯ ಚೂರು ಕಿತ್ತು ಬಂದಿಲ್ಲದಿದ್ದರೆ ಸಾಮಾನ್ಯವಾಗಿ ವ್ಯಾಯಾಮವೇ ಸಾಕು. ಪದೇ ಪದೇ ಜಾರಿದರೆ ಆ ಲಿಗಮೆಂಟ್ ಎಳೆದೆಳೆದು ಸಡಿಲಾಗಿರುತ್ತೆ. ಹೊಲಿದರೂ ಮತ್ತೆ ಸಡಿಲಾಗುವ ಸಾಧ್ಯತೆ ಹೆಚ್ಚು. ತೆಗೆಯುವುದು ನರವಲ್ಲ, ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ. ಹೆಚ್ಚಾಗಿ ಒಳತೊಡೆಯ ಗ್ರಾಸಿಲಿಸ್ ಸ್ನಾಯುವಿನದು. ಅದರ ಕೆಲಸವನ್ನು ಪಕ್ಕದ ಸ್ನಾಯುಗಳು ವಹಿಸಿಕೊಳ್ಳುತ್ತವೆ, ನಡಿಗೆಗೆ ತೊಂದರೆಯಿಲ್ಲ.

ಹಸುವನ್ನು ಗೂಟಕ್ಕೆ ಕಟ್ಟಿದ ಹಗ್ಗ ನೆನೆಸಿಕೊಳ್ಳಿ. ಹಗ್ಗ ಹಸುವನ್ನು ಸದಾ ಎಳೆಯಲ್ಲ, ಮಿತಿ ದಾಟಿದಾಗ ಮಾತ್ರ ತಡೆಯುತ್ತೆ. ಈ ಆಪರೇಷನ್ನಲ್ಲಿ ಎಲ್ಲಕ್ಕಿಂತ ಮುಖ್ಯ ಗೂಟದ ಜಾಗ, ಅಂದರೆ ತೊಡೆಮೂಳೆಯ ಒಳಬದಿಯ ರಂಧ್ರ. ಅದನ್ನು ಕೈಯಲ್ಲಿ ಮುಟ್ಟಿ ಅಂದಾಜು ಮಾಡಿದರೆ ಸಾಲದು. ಸಿ-ಆರ್ಮ್ ಎಕ್ಸ್‌ರೇಯಲ್ಲಿ (ಆಪರೇಷನ್ ನಡೆಯುವಾಗಲೇ ನೋಡುವ ಎಕ್ಸ್‌ರೇ), ಸರಿಯಾದ ಪಕ್ಕನೋಟದಲ್ಲಿ ಶಾಟಲ್ ಬಿಂದು, ಅಂದರೆ ಲಿಗಮೆಂಟ್ ತೊಡೆಮೂಳೆಗೆ ಅಂಟುವ ಜಾಗ, ನೋಡಿ ಕೊರೀಬೇಕು. ಕೆಲವೇ ಮಿ.ಮೀ. ಮೇಲಕ್ಕೆ ಹೋದರೂ ಕಾಲು ಮಡಿಸಿದಷ್ಟೂ ಹೊಸ ಲಿಗಮೆಂಟ್ ಬಿಗಿಯಾಗಿ ನೋವು ಬರುತ್ತೆ, ಮಂಡಿ ಪೂರ್ತಿ ಮಡಚಲ್ಲ, ಚಿಪ್ಪಿನ ಮೃದ್ವಸ್ಥಿ ಸವೆಯುತ್ತೆ. ಮಂಡಿಯನ್ನು ಸುಮಾರು 30 ಡಿಗ್ರಿ ಮಡಿಸಿ, ಚಿಪ್ಪು ತೊಡೆಮೂಳೆಯ ತುದಿಯಲ್ಲಿರುವ ತನ್ನ ತೋಡಿನಲ್ಲಿ ಕೂತಿರುವಾಗ, ಎಳೆಯದೆ ಸ್ಕ್ರೂ ಹಾಕಬೇಕು. ಆಮೇಲೆ ಕಾಲು ನೀಡಿ ತಳ್ಳಿದರೆ ಚಿಪ್ಪು ಸುಮಾರು 1 ಸೆಂ.ಮೀ. ಸರಿದು ಗಟ್ಟಿಯಾಗಿ ನಿಲ್ಲಬೇಕು. ಚಿಪ್ಪಿನ ಕಡೆ ಅಡ್ಡಡ್ಡ ಉದ್ದ ರಂಧ್ರ ಕೊರೆದರೆ ಮುಂದೆ ಅದೇ ಗೆರೆಯಲ್ಲಿ ಮುರಿಯುವ ಭಯವಿದೆ, ಚಿಕ್ಕ ಆಂಕರ್ (ದಾರ ಕಟ್ಟಿದ, ಮೂಳೆಯಲ್ಲಿ ಕೂರಿಸುವ ಸಣ್ಣ ಮೊಳೆ) ಮೇಲು.

ಟಿಟಿ-ಟಿಜಿ, ಅಂದರೆ ಮಂಡಿಯ ಕೆಳಗಿನ ಮೂಳೆಯ ಉಬ್ಬು ಆ ತೋಡಿನಿಂದ ಎಷ್ಟು ಹೊರಕ್ಕಿದೆ ಅನ್ನುವ ಅಳತೆ, 15 ಮಿ.ಮೀ. ಅಂದಿರಿ. 20 ದಾಟಿದರೆ ಆ ಉಬ್ಬನ್ನೂ ಕತ್ತರಿಸಿ ಒಳಕ್ಕೆ ಸರಿಸುವ ಮಾತು ಬರುತ್ತೆ. ಆದರೆ ಎಂಆರ್‌ಐಯಲ್ಲಿ ಈ ಅಳತೆ ಸಿಟಿ ಸ್ಕ್ಯಾನ್‌ಗಿಂತ ಕೊಂಚ ಕಡಿಮೆ ಬರೋದುಂಟು. ಚಿಪ್ಪು ಎತ್ತರದಲ್ಲಿದೆಯಾ (ಚಿಪ್ಪಿನ ಎತ್ತರ ಹೇಳುವ ಕ್ಯಾಟನ್-ಡೆಶಾಂಪ್ಸ್ ಅಳತೆ 1.2 ಮೀರಿದೆಯಾ), ತೋಡು ಚಪ್ಪಟೆಯಾಗಿದೆಯಾ, ಇವೆರಡನ್ನ ನಿಮ್ಮ ಸರ್ಜನ್ ಹತ್ರ ಕೇಳಿಯೇ ತೀರಿ. ಅವು ಸರಿಯಿದ್ದರೆ ಲಿಗಮೆಂಟ್ ಒಂದೇ ಸಾಕು.

ಪ್ರಶ್ನೆ: ತುಂಬಾ ಉಪಕಾರ ಆಯ್ತು ಸರ್. ಎಷ್ಟು ದಿನ ಮಲಗಿರಬೇಕು?

ಉತ್ತರ (ಫಿಸಿಯೋಥೆರಪಿಸ್ಟ್): ಮಲಗಿಸಲೇಬೇಡಿ ಅಮ್ಮಾ. ಸರ್ಜನ್ ಬೇಡ ಅನ್ನದಿದ್ದರೆ ಮರುದಿನವೇ ಬ್ರೇಸ್ ಹಾಕಿ, ಊರುಗೋಲು ಹಿಡಿಸಿ ನಿಲ್ಲಿಸ್ತೀವಿ. ಮಂಡಿ ಕೆಳಗೆ ದಿಂಬು ಇಡಬೇಡಿ, ಕಾಲು ನೆಟ್ಟಗಾಗೋದೇ ನಿಂತುಹೋಗುತ್ತೆ. ಟವೆಲ್ ಸುತ್ತಿ ಹಿಮ್ಮಡಿ ಕೆಳಗಿಡಿ, ಮಂಡಿಯನ್ನು ಹಾಸಿಗೆಗೆ ಒತ್ತಿ 5 ಸೆಕೆಂಡ್ ಹಿಡೀಲಿ; 10 ಸಲ, ದಿನಕ್ಕೆ ನಾಲ್ಕೈದು ಬಾರಿ. ಮಂಡಿ ಬಾಗದೆ ನೇರ ಕಾಲೆತ್ತೋಕೆ ಬಂದ ಮೇಲೇ ನಡೆಯುವಾಗ ಬ್ರೇಸ್ ಲಾಕ್ ತೆಗೀಬೇಕು. ಆರು ವಾರಕ್ಕೆ 90 ಡಿಗ್ರಿ ಮಡಚದಿದ್ದರೆ ಕಾಯಬೇಡಿ, ಸರ್ಜನ್‌ಗೆ ತೋರಿಸಿ. ಮೀನಖಂಡ ಊದಿ ನೋವು ಬಂದರೆ ಅವತ್ತೇ ಹೋಗಿ.

ಥ್ರೋಬಾಲ್‌ಗೆ 6ರಿಂದ 9 ತಿಂಗಳು ಬೇಕು. ತಿಂಗಳ ಲೆಕ್ಕಕ್ಕಿಂತ ತೊಡೆಯ ಬಲ ನೋಡಿ: ಇನ್ನೊಂದು ಕಾಲಿನ 90 ಶೇಕಡಾ ಆದರೂ ಇರಬೇಕು. ಒಂಟಿಕಾಲಲ್ಲಿ ಹಾರಿ ಇಳಿಯೋದನ್ನ ಮುಂದಿನಿಂದ ವಿಡಿಯೋ ಮಾಡಿ. ಮಂಡಿ ಒಳಕ್ಕೆ ವಾಲಿದರೆ ಕೋರ್ಟ್‌ಗೆ ಇನ್ನೂ ಇಳಿಸಬೇಡಿ.