ಸಂಜೆ ಹೊತ್ತು ಬೆಳ್ಳಿ ಕೆಲಸ ಕಲಿಯಬೇಕು: ಬೆಂಗಳೂರಿನಲ್ಲಿ ಎಂಥ ತರಗತಿಗೆ ಸೇರಲಿ?

ವಿಜಯನಗರ_ಲೆಕ್ಕ ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೆ.ಜಿ. ರಸ್ತೆಯ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸಂಜೆ ಆರಕ್ಕೆ ಕೆಲಸ ಮುಗಿಯುತ್ತದೆ, ಮನೆ ವಿಜಯನಗರದಲ್ಲಿ. ಬೆಳ್ಳಿ ಒಡವೆ ಮಾಡುವುದನ್ನು ಕಲಿಯಬೇಕೆಂದು ಬಹಳ ಕಾಲದಿಂದ ಮನಸ್ಸಿನಲ್ಲಿದೆ. ಮಾರುವ ಉದ್ದೇಶವಿಲ್ಲ. ನಮ್ಮ ಅಜ್ಜಿಯ ಬೆಳ್ಳಿ ಕಡಗ ನನ್ನ ಬಳಿ ಇದೆ. ಎರಡು ಕಂಬಿಗಳನ್ನು ಹೊಸೆದು ಮಾಡಿದ್ದು. ಬೆಸೆದ ಗುರುತು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅಂಥದ್ದೊಂದನ್ನು ನನ್ನ ಕೈಯಾರೆ ಮಾಡಬೇಕು.

ವಿಚಾರಿಸಿದಾಗ ಎರಡು ಬಗೆಯ ತರಗತಿಗಳು ಕಂಡವು. ಇಂದಿರಾನಗರ, ಕೋರಮಂಗಲದ ಕಡೆ ವಾರಾಂತ್ಯದಲ್ಲಿ ಮೂರು ಗಂಟೆಯ ಕಾರ್ಯಾಗಾರಗಳಿವೆ. ಉಂಗುರ ಮಾಡಿ ಬೆರಳಿಗೆ ಹಾಕಿಕೊಂಡೇ ಮನೆಗೆ ಬರಬಹುದಂತೆ. ಇನ್ನೊಂದು ಬಗೆಯವು ವಾರಕ್ಕೆ ಒಂದೆರಡು ಸಂಜೆಯಂತೆ ತಿಂಗಳುಗಟ್ಟಲೆ ನಡೆಯುತ್ತವೆ. ನನಗೆ ನಲವತ್ತಮೂರು ವರ್ಷ, ಗೋಡೆಗೆ ಮೊಳೆ ಹೊಡೆದದ್ದು ಬಿಟ್ಟರೆ ಸುತ್ತಿಗೆ ಹಿಡಿದವಳಲ್ಲ. ಯಾವುದಕ್ಕೆ ಸೇರಲಿ? ಬೆಳ್ಳಿ ಕಿಲೋಗೆ ಲಕ್ಷ ದಾಟಿ ಹೋಗಿರುವಾಗ ಕಲಿಯುವ ಖರ್ಚು ಎಷ್ಟಾದೀತು? ನಮ್ಮದು ಬಾಡಿಗೆ ಮನೆ, ಎರಡನೇ ಮಹಡಿ. ಅಡುಗೆಮನೆಯ ಪಕ್ಕದ ಬಾಲ್ಕನಿಯಲ್ಲಿ ಅಭ್ಯಾಸ ಮಾಡಬಹುದೇ?

ತಗಡು_ತಂತಿ, ಬಸವನಗುಡಿ

ವಾರವಾರ ನಡೆಯುವ ತರಗತಿಗೆ ಸೇರಿ. ಎರಡು ಮಾತಿಲ್ಲ.

ನಾನು ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಈ ಕೆಲಸ ಹಿಡಿದವಳು, ಈಗಲೂ ಕಲಿಯುತ್ತಿದ್ದೇನೆ. ಹನುಮಂತನಗರದಲ್ಲಿ ಅಕ್ಕಸಾಲಿಗರೊಬ್ಬರು ತಮ್ಮ ದಿನದ ಕೆಲಸ ಮುಗಿದ ಮೇಲೆ ಅದೇ ಕೋಣೆಯಲ್ಲಿ ನಮ್ಮಂಥ ಐದಾರು ಮಂದಿಗೆ ಹೇಳಿಕೊಡುತ್ತಾರೆ. ಶಾಲಾ ಶಿಕ್ಷಕಿಯೊಬ್ಬರು, ಔಷಧದ ಅಂಗಡಿಯವರೊಬ್ಬರು, ಕಾಲೇಜಿಗೆ ಹೋಗುವ ಇಬ್ಬರು ಹುಡುಗರು, ನಾನು. ನಿಮ್ಮ ವಯಸ್ಸಿನ ಮಾತು ಅಲ್ಲಿ ಯಾರೂ ಎತ್ತುವುದಿಲ್ಲ.

ವಾರಾಂತ್ಯದ ಕಾರ್ಯಾಗಾರಗಳನ್ನು ನಾನು ಹಳಿಯುವುದಿಲ್ಲ. ಈ ಕೆಲಸ ತನಗೆ ಹಿಡಿಸುತ್ತದೆಯೇ ಎಂದು ನೋಡಲು ಬರುವವರಿಗೆ ಅದು ಸರಿ. ಆದರೆ ಮೂರು ಗಂಟೆಯೊಳಗೆ ಎಲ್ಲರ ಬೆರಳಿಗೂ ಉಂಗುರ ಬರಬೇಕೆಂದರೆ ತಗಡನ್ನು ಮೊದಲೇ ಕತ್ತರಿಸಿಟ್ಟಿರಬೇಕಾಗುತ್ತದೆ, ಬೆಸುಗೆಯ ಹೊತ್ತಿಗೆ ಗ್ಯಾಸ್ ಟಾರ್ಚ್ ಹೇಳಿಕೊಡುವವರ ಕೈಗೆ ಹೋಗುತ್ತದೆ. ಆದ್ದರಿಂದ ಎಲ್ಲಿಗೆ ಸೇರುವುದಿದ್ದರೂ ಹಣ ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: ಬೆಂಕಿ ಯಾರ ಕೈಯಲ್ಲಿರುತ್ತದೆ? ‘ಬೆಸುಗೆ ನಾವು ಹಾಕಿಕೊಡುತ್ತೇವೆ’ ಎಂದರೆ ಅಲ್ಲಿ ನೀವು ಗಿರಾಕಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪುಸ್ತಕದಿಂದಲೂ ಮೊಬೈಲಿನ ವಿಡಿಯೊಗಳಿಂದಲೂ ಬಾರದ ವಿದ್ಯೆ ಅದು. ಸ್ಟರ್ಲಿಂಗ್ ಬೆಳ್ಳಿ ಎಂದರೆ ಸಾವಿರ ಭಾಗದಲ್ಲಿ 925 ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಅದು 800 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕರಗಲು ತೊಡಗಿ 890ರ ಆಸುಪಾಸಿನಲ್ಲಿ ಪೂರ್ತಿ ನೀರಾಗುತ್ತದೆ. ನಾವು ಬಳಸುವ ಬೆಸುಗೆ, ಅಂದರೆ ತುದಿಗಳನ್ನು ಕೂಡಿಸಲು ಇಡುವ ಮಿಶ್ರಲೋಹ, ಕರಗುವುದು 700ರಿಂದ 750ರ ನಡುವೆ. ಬೆಸುಗೆ ಹರಿಯಬೇಕು, ಒಡವೆ ಕರಗಬಾರದು. ಕೆಲಸವೆಲ್ಲ ಆ ಕಿರಿದಾದ ಅಂತರದಲ್ಲಿ ಮುಗಿಯಬೇಕು. ಶಾಖ ಅಳೆಯುವ ಯಂತ್ರ ಯಾವುದೂ ಮೇಜಿನ ಮೇಲಿಲ್ಲ, ಕಣ್ಣೇ ಅಳತೆಗೋಲು.

ನಮ್ಮ ಕೋಣೆಯಲ್ಲಿ ಬೆಸುಗೆಯ ಹೊತ್ತಿಗೆ ಮೇಲಿನ ದೀಪ ಆರಿಸುತ್ತೇವೆ, ಲೋಹದ ಬಣ್ಣ ಕಾಣಲಿ ಎಂದು. ಬಿಳಿಗಾರವನ್ನು (ಬೋರಾಕ್ಸ್) ನೀರಿನಲ್ಲಿ ತೇಯ್ದು ಕೂಡಿಸಿದ ಬಾಯಿಗೆ ಸಣ್ಣ ಕುಂಚದಿಂದ ಹಚ್ಚಿ, ಎಳ್ಳುಕಾಳಿನಷ್ಟು ಬೆಸುಗೆಯ ಚೂರನ್ನು ಅದರ ಮೇಲಿಡುತ್ತೇವೆ. ಬೆಂಕಿ ತಗುಲಿದೊಡನೆ ಬಿಳಿಗಾರ ಬೆಳ್ಳಗೆ ಉಬ್ಬಿ ಆ ಚೂರನ್ನು ಪಕ್ಕಕ್ಕೆ ತಳ್ಳುತ್ತದೆ. ಅದನ್ನು ಚಿಮಟದ ತುದಿಯಿಂದ ಮತ್ತೆ ಅದರ ಜಾಗಕ್ಕೆ ತರಬೇಕು. ಉಬ್ಬು ಇಳಿದು ಬಿಳಿಗಾರ ಗಾಜಾಗಿ ತಿಳಿಯಾಗುತ್ತದೆ. ಬೆಳ್ಳಿಯಲ್ಲಿ ಮಸುಕಾದ ಕೆಂಪು ಮೂಡುತ್ತದೆ. ಆಗ ಜ್ವಾಲೆಯನ್ನು ಬೆಸುಗೆಯ ಮೇಲೆ ನೆಡದೆ ಉಂಗುರದ ಸುತ್ತ ಆಡಿಸುತ್ತಲೇ ಇರಬೇಕು. ಲೋಹಗಳಲ್ಲೆಲ್ಲ ಶಾಖವನ್ನು ಅತಿ ವೇಗವಾಗಿ ಹರಿಯಗೊಡುವುದು ಬೆಳ್ಳಿ; ಒಂದು ಮೂಲೆಗೆ ಕೊಟ್ಟ ಬಿಸಿ ಇಡೀ ಒಡವೆಗೆ ಹಂಚಿಹೋಗುತ್ತದೆ. ಹಾಗಾಗಿ ಪೂರ್ತಿ ಒಡವೆಯೇ ಒಟ್ಟಿಗೆ ಕಾಯಬೇಕು. ಹದ ಬಂದ ಕ್ಷಣ ಆ ಚೂರು ಒಮ್ಮೆಗೇ ಕುಸಿದು, ಹೊಳೆಯುವ ಗೆರೆಯಾಗಿ ಬಾಯಿಯ ಉದ್ದಕ್ಕೂ ಓಡುತ್ತದೆ. ಗೆರೆ ಕಂಡಿತೋ, ಬೆಂಕಿ ದೂರ. ಅದನ್ನು ನೋಡುವ ಸಂತೋಷಕ್ಕಾಗಿಯೇ ನಾನು ಮಳೆಯಲ್ಲೂ ತರಗತಿ ತಪ್ಪಿಸುವುದಿಲ್ಲ.

ಇದೆಲ್ಲ ಬರುವುದು ಆಮೇಲೆ. ಮೊದಲು ಗರಗಸ, ಅರ. ನಮ್ಮ ಮೇಷ್ಟ್ರು ಹೊಸಬರಿಗೆ ಬೆಳ್ಳಿ ಕೊಡುವುದೇ ಇಲ್ಲ. ತಾಮ್ರದ ತಗಡಿನ ಮೇಲೆ ಗೆರೆ ಎಳೆದು ಕತ್ತರಿಸಲು ಹೇಳುತ್ತಾರೆ: ನೇರ ಗೆರೆ, ಅಲೆ, ಕೊನೆಗೆ ಮಾವಿನಕಾಯಿ. ಬ್ಲೇಡಿನ ಹಲ್ಲುಗಳು ಹಿಡಿಯ ಕಡೆಗೆ, ಅಂದರೆ ಕೆಳಮುಖವಾಗಿರಬೇಕು. ಕೆಳಗೆ ಎಳೆಯುವಾಗ ಮಾತ್ರ ಅದು ಕತ್ತರಿಸುತ್ತದೆ. ಮಾವಿನಕಾಯಿಯ ತುದಿಯ ತಿರುವಿನಲ್ಲಿ ಗರಗಸವನ್ನು ಮುಂದೆ ತಳ್ಳಬಾರದು, ಇದ್ದಲ್ಲೇ ಮೇಲೆ ಕೆಳಗೆ ಆಡಿಸುತ್ತ ತಗಡನ್ನು ತಿರುಗಿಸಬೇಕು. ಜೇನುಮೇಣ ಸವರಿದರೆ ಸಲೀಸು. ಬ್ಲೇಡು ಮುರಿಯುವುದು ಎಲ್ಲರಿಗೂ ಇದ್ದದ್ದೇ, ಡಜನ್ ಲೆಕ್ಕದಲ್ಲಿ ಕೊಳ್ಳುವುದು ಅದಕ್ಕೇ.

ಖರ್ಚಿಗೆ ಬರೋಣ. ನೀವು ಲೆಕ್ಕದವರು, ನೀವೇ ನೋಡಿ. ಒಳವ್ಯಾಸ 17 ಮಿ.ಮೀ. ಇರುವ ಉಂಗುರ, ತಗಡಿನ ದಪ್ಪ 1 ಮಿ.ಮೀ. ಎಂದಿಟ್ಟುಕೊಳ್ಳಿ. ಪಟ್ಟಿಯ ಉದ್ದ ತೆಗೆಯಲು ಒಳವ್ಯಾಸಕ್ಕೆ ದಪ್ಪವನ್ನೂ ಕೂಡಿಸಿ 3.14ರಿಂದ ಗುಣಿಸಬೇಕು, ಸುಮಾರು 56.5 ಮಿ.ಮೀ. ಬರುತ್ತದೆ. ದಪ್ಪ ಕೂಡಿಸದಿದ್ದರೆ ಉಂಗುರ ಬೆರಳಿಗೆ ಬಿಗಿಯಾಗುತ್ತದೆ. ಅಗಲ 4 ಮಿ.ಮೀ. ಇಟ್ಟರೆ ತೂಕ ಎರಡೂವರೆ ಗ್ರಾಮೂ ಆಗುವುದಿಲ್ಲ. ಅಂದರೆ ಕಲಿಯುವ ಕಾಲದಲ್ಲಿ ಬೆಳ್ಳಿಯ ದರಕ್ಕೆ ಹೆದರಬೇಕಿಲ್ಲ, ನೀವು ಹಣ ಕೊಡುವುದು ಮುಖ್ಯವಾಗಿ ಮೇಷ್ಟ್ರ ಸಮಯಕ್ಕೆ. ಅರೆದ ಪುಡಿ, ಕತ್ತರಿಸಿದ ಚೂರು ಯಾವುದನ್ನೂ ಚೆಲ್ಲಬೇಡಿ, ಡಬ್ಬಿಯಲ್ಲಿ ತುಂಬಿಡಿ. ಬೆಳ್ಳಿಗೆ ಬಂದಾಗ ಮೊದಲು ಕಾಲುಂಗುರ ಮಾಡಿ. ಅದರ ಬಾಯಿ ತೆರೆದೇ ಇರುವುದರಿಂದ ಬೆಸುಗೆ ಬೇಡ. ಕತ್ತರಿಸುವುದು, ಅರೆಯುವುದು, ಬಗ್ಗಿಸುವುದು, ಹೊಳಪು ಕೊಡುವುದು ನಾಲ್ಕೂ ಅಷ್ಟರಲ್ಲೇ ಸಿಗುತ್ತವೆ.

ಹೊಸೆದ ಕಡಗಕ್ಕೆ ಮಾತ್ರ ಹತ್ತಾರು ಗ್ರಾಂ ಬೇಕು, ಅದನ್ನು ತಾಮ್ರದ ಕಂಬಿಯಲ್ಲಿ ಮೊದಲು ಮಾಡಿ ನೋಡಿ. ಹೊಸೆದಂತೆಲ್ಲ ಕಂಬಿ ಗಡುಸಾಗುತ್ತದೆ, ನಡುನಡುವೆ ಮಸುಕು ಕೆಂಪಿಗೆ ಕಾಯಿಸಿ ಮೆದು ಮಾಡದಿದ್ದರೆ ಬಿರಿಯುತ್ತದೆ. ನಿಮ್ಮ ಅಜ್ಜಿಯ ಕಡಗದಲ್ಲಿ ಗುರುತು ಸಿಗದಿರುವುದು ಬೆಂಕಿಗೂ ಮೊದಲು ಅರ ಹಿಡಿದ ಕೈಯ ಕೆಲಸ. ಬೆಸುಗೆ ಸಂದು ತುಂಬುವ ಗಾರೆಯಲ್ಲ. ಎರಡು ತುದಿಗಳನ್ನು ಕೂಡಿಸಿ ದೀಪಕ್ಕೆ ಹಿಡಿದಾಗ ನಡುವೆ ಬೆಳಕಿನ ಎಳೆಯೂ ಕಾಣಬಾರದು. ಅಷ್ಟು ಸರಿಯಾಗಿ ಕೂಡಿಸಿ, ಬಣ್ಣ ಹೊಂದುವ ಬೆಸುಗೆ ಇಟ್ಟರೆ ಗೆರೆ ತಾನೇ ಮರೆಯಾಗುತ್ತದೆ.

ಪೀಣ್ಯ_ಟೂಲ್‌ರೂಮ್

ಬಾಲ್ಕನಿಯ ಬಗ್ಗೆ ಎರಡು ಮಾತು. ಕತ್ತರಿಸುವುದು, ಅರೆಯುವುದು, ಹೊಸೆಯುವುದನ್ನು ಮನೆಯಲ್ಲಿ ಧಾರಾಳವಾಗಿ ಮಾಡಿ. ಬೆಂಕಿಯನ್ನು ತರಗತಿಗೇ ಬಿಡಿ. ಅಡುಗೆಮನೆಯ ಪಕ್ಕ ಎಂದರೆ ಸಿಲಿಂಡರಿನ ಪಕ್ಕ, ಮೇಲೆ ಒಣಹಾಕಿದ ಬಟ್ಟೆ, ಕೆಳಗೆ ಇನ್ನೊಬ್ಬರ ಮನೆ.

ಇನ್ನೊಂದು ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಚಿನ್ನದ ಅಂಗಡಿಗಳಲ್ಲಿ ಕೆ.ಡಿ.ಎಂ. ಎಂದು ಹೇಳುವುದನ್ನು ಕೇಳಿರುತ್ತೀರಿ. ಕ್ಯಾಡ್ಮಿಯಂ ಸೇರಿಸಿದ ಬೆಸುಗೆಯಿಂದ ಬಂದ ಹೆಸರು ಅದು. ಬೇಗ ಕರಗುತ್ತದೆಂಬ ಕಾರಣಕ್ಕೆ ಕೆಲವು ಬೆಳ್ಳಿ ಬೆಸುಗೆಗಳಲ್ಲೂ ಕ್ಯಾಡ್ಮಿಯಂ ಇರುತ್ತದೆ. ಅದು ಕುದಿಯುವುದು 767 ಡಿಗ್ರಿಯಲ್ಲಿ. ಮೇಲಿನವರು ಕೊಟ್ಟ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ, ಜ್ವಾಲೆ ತುಸು ಹೆಚ್ಚಾದರೆ ಅದು ಹೊಗೆಯಾಗಿ ಮೂಗಿಗೆ ಬರುತ್ತದೆ. ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ವಿಷ ಅದು. ಬಟ್ಟೆಯ ಮುಖಗವಸು ಅದನ್ನು ತಡೆಯುವುದಿಲ್ಲ. ತರಗತಿಗೆ ಸೇರುವ ಮೊದಲು ಬೆಸುಗೆ ಕ್ಯಾಡ್ಮಿಯಂ ಇಲ್ಲದ್ದೇ, ಹೊಗೆ ಹೊರಗೆ ಎಳೆಯುವ ಫ್ಯಾನ್ ಇದೆಯೇ ಎಂದು ಕೇಳಿ. ಕೇಳಿದ್ದಕ್ಕೆ ಬೇಸರಪಡುವ ಕಡೆ ಸೇರಬೇಡಿ.

ಬೆಸೆದ ಮೇಲೆ ಬೆಳ್ಳಿ ಕಪ್ಪಾಗುತ್ತದೆ. ಅದನ್ನು ತೆಗೆಯಲು ಕಾರ್ಖಾನೆಗಳಲ್ಲಿ ಗಂಧಕಾಮ್ಲ ಬಳಸುತ್ತಾರೆ, ಕಲಿಯುವವರಿಗೆ ಅದು ಬೇಡವೇ ಬೇಡ. ಪಟಿಕವನ್ನೋ ನಿಂಬೆ ಉಪ್ಪನ್ನೋ ಬಿಸಿನೀರಿನಲ್ಲಿ ಕರಗಿಸಿದರೆ ಸಾಕು, ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತದೆ ಅಷ್ಟೇ. ಆ ನೀರಿಗೆ ಕಬ್ಬಿಣದ ಚಿಮಟ ಮುಳುಗಿಸಬೇಡಿ: ನೀರಿನಲ್ಲಿ ಸೇರಿಕೊಂಡಿರುವ ತಾಮ್ರ ಬೆಳ್ಳಿಯ ಮೇಲೆ ಕೂತು ಒಡವೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ತಾಮ್ರದ ಚಿಮಟ ಅಥವಾ ಬಿದಿರಿನ ಕಡ್ಡಿ ಇಟ್ಟುಕೊಳ್ಳಿ. ಆ ಪಾತ್ರೆ ಮತ್ತೆ ಅಡುಗೆಗೆ ಬೇಡ.

ಒರೆಗಲ್ಲು, ನಗರ್ತಪೇಟೆ

ನಮ್ಮದು ಅಕ್ಕಸಾಲಿಗರ ಮನೆ. ಹೊರಗಿನವರು ಆಸೆಪಟ್ಟು ಈ ಕೆಲಸ ಕಲಿಯಲು ಬರುತ್ತಿರುವುದನ್ನು ಓದಿ ತುಂಬಾ ಸಂತೋಷವಾಯಿತು. ಸಾಮಾನು ಕೊಳ್ಳುವ ಬಗ್ಗೆ ನನ್ನ ಪಾಲಿನದು ಹೇಳುತ್ತೇನೆ.

ಕಚೇರಿಯಿಂದ ಮೆಜೆಸ್ಟಿಕ್‌ಗೆ ಬಂದು ಹಸಿರು ಮಾರ್ಗ ಹಿಡಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ ಸುತ್ತ ಬೆಳ್ಳಿಯವರು, ನಗರ್ತಪೇಟೆಯ ಕಡೆಯ ಓಣಿಗಳಲ್ಲಿ ನಮ್ಮ ಕೆಲಸದ ಅರ, ಬ್ಲೇಡು, ಚಿಮಟ, ಬಿಳಿಗಾರ ಎಲ್ಲ ಸಿಗುತ್ತವೆ. ಒಂದೇ ಸಲ ಪೆಟ್ಟಿಗೆ ತುಂಬ ಕೊಳ್ಳಬೇಡಿ. ಗರಗಸ, ಒಂದು ಚಪ್ಪಟೆ ಅರ, ಒಂದು ಅರ್ಧಗೋಲದ ಅರ, ಒಳ್ಳೆಯ ಚಿಮಟ. ಉಳಿದದ್ದನ್ನು ಮೇಷ್ಟ್ರನ್ನು ಕೇಳಿ ಕೊಳ್ಳಿ.

ತಗಡು, ಕಂಬಿಯನ್ನು ಗೇಜಿನಲ್ಲಿ (ದಪ್ಪಕ್ಕೆ ಕೊಟ್ಟ ಸಂಖ್ಯೆಯಲ್ಲಿ) ಕೇಳುವ ಬದಲು ಮಿಲಿಮೀಟರಿನಲ್ಲಿ ಕೇಳಿ. ವಿಡಿಯೊಗಳಲ್ಲಿ ಹೇಳುವುದು ಹೆಚ್ಚಾಗಿ ಅಮೆರಿಕದ ಗೇಜು, ಅದರಲ್ಲಿ 20 ಎಂದರೆ 0.81 ಮಿ.ಮೀ. ಬ್ರಿಟಿಷ್ ಗೇಜಿನಲ್ಲಿ ಅದೇ 20 ಎಂದರೆ 0.91. ಶುದ್ಧತೆಯನ್ನೂ ಬಾಯಿಬಿಟ್ಟು ಹೇಳಿ: 925 ಬೇಕು ಎನ್ನಿ. ಬರೀ ‘ಬೆಳ್ಳಿ’ ಎಂದರೆ ಅಪ್ಪಟ ಬೆಳ್ಳಿ ಕೊಟ್ಟಾರು. ಉಂಗುರಕ್ಕೆ ಅದು ತೀರಾ ಮೆದು, ಬೇಗ ಆಕಾರ ಕೆಡುತ್ತದೆ. ಬಿಲ್ಲಿನ ಮೇಲೆ ಶುದ್ಧತೆ, ತೂಕ ಎರಡನ್ನೂ ಬರೆಸಿಕೊಳ್ಳಿ. ಚಿನ್ನಕ್ಕಿರುವಂತೆ ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯವಾಗಿಲ್ಲ, ಹಾಗಾಗಿ ಪರಿಚಯದ ಅಂಗಡಿ ಮುಖ್ಯ.

ಅಜ್ಜಿಯ ಕಡಗವನ್ನು ಕರಗಿಸಿ ಹೊಸದು ಮಾಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹೊಸೆದ ಕಂಬಿಯ ಕೆಲಸ ಮಾಡುವ ಕೈಗಳು ನಮ್ಮ ಓಣಿಯಲ್ಲೇ ಕಡಿಮೆಯಾಗಿವೆ, ಎರಕದ ಒಡವೆಯೇ ಹೆಚ್ಚು. ನಿಮ್ಮ ಬಳಿ ಇರುವುದು ಕಲಿಯಲು ಬೇಕಾದ ಮಾದರಿ.

ವಿಜಯನಗರ_ಲೆಕ್ಕ

ಮೂವರಿಗೂ ಧನ್ಯವಾದ. ಕಡಗ ಕರಗಿಸುವ ಮಾತೇ ಇಲ್ಲ. ಎರಡು ಕಡೆ ಫೋನ್ ಮಾಡಿ ಬೆಂಕಿಯ ಪ್ರಶ್ನೆ ಕೇಳಿದೆ. ಒಂದು ಕಡೆ ‘ಸುರಕ್ಷತೆಯ ದೃಷ್ಟಿಯಿಂದ ನಮ್ಮವರೇ ಮಾಡುತ್ತಾರೆ’ ಎಂದರು. ಇನ್ನೊಂದು ಕಡೆ ‘ಮೊದಲ ತಿಂಗಳು ಬೆಂಕಿಯೇ ಇಲ್ಲ, ಆಮೇಲೆ ನಿಮ್ಮ ಕೈಯಲ್ಲೇ’ ಎಂದರು, ಒಂದು ಸಂಜೆ ಸುಮ್ಮನೆ ಬಂದು ಕೂತು ನೋಡಿ ಎಂದೂ ಹೇಳಿದರು. ಆದರೆ ಅದು ವೈಟ್‌ಫೀಲ್ಡ್. ಕಚೇರಿ ಮುಗಿಸಿ ಹೋಗಿಬರುವುದು ಕಷ್ಟ. ಬಸವನಗುಡಿಯ ಮೇಡಂ, ನಿಮ್ಮ ಮೇಷ್ಟ್ರಲ್ಲಿ ಜಾಗವಿದೆಯೇ? ಇನ್ನೊಂದು ಸಂಗತಿ, ನಾನು ಎಡಗೈಯವಳು. ಸಲಕರಣೆಗಳನ್ನು ಬೇರೆಯೇ ಕೊಳ್ಳಬೇಕಾಗುತ್ತದೆಯೇ?

ತಗಡು_ತಂತಿ, ಬಸವನಗುಡಿ

ಮೇಷ್ಟ್ರನ್ನು ಕೇಳಿದೆ. ಕಾಲೇಜಿನ ಹುಡುಗರಲ್ಲಿ ಒಬ್ಬನಿಗೆ ಪರೀಕ್ಷೆ ಇರುವುದರಿಂದ ಒಂದು ಜಾಗ ತೆರವಾಗಿದೆ. ಬುಧವಾರ ಏಳಕ್ಕೆ ಬಂದು ಕೂತು ನೋಡಿ, ಮನಸ್ಸಿಗೆ ಒಪ್ಪಿದರೆ ಆಮೇಲೆ ಹಣದ ಮಾತು. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ಆಟೊ ಸಿಗುತ್ತದೆ. ವಿಳಾಸವನ್ನು ನಿಮಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ.

ಎಡಗೈಗೆ ಗರಗಸ, ಅರ, ಸುತ್ತಿಗೆ ಯಾವುದೂ ಬೇರೆ ಬೇಡ. ಗರಗಸದ ಚೌಕಟ್ಟು ಎರಡು ಕೈಗೂ ಒಂದೇ. ತಗಡು ಕತ್ತರಿಸುವ ಕತ್ತರಿ ಮಾತ್ರ ಬಲಗೈಗೆಂದೇ ಮಾಡಿದ್ದು, ಗೆರೆ ಕಣ್ಣಿಗೆ ಮರೆಯಾಗುತ್ತದೆ. ಗರಗಸ ಬಂದ ಮೇಲೆ ಅದರ ಅಗತ್ಯವೂ ಅಷ್ಟಿಲ್ಲ. ಬೆಸುಗೆಯಲ್ಲಿ ಟಾರ್ಚ್ ಬಲಗೈಗೆ, ಚಿಮಟ ಎಡಗೈಗೆ ಕೊಡಿ. ನಾಜೂಕಿನ ಕೆಲಸ ಚಿಮಟದ್ದು, ಅದು ಪಳಗಿದ ಕೈಯಲ್ಲಿರಬೇಕು. ನೀವು ಮೇಜಿನ ಎಡ ತುದಿಯಲ್ಲಿ ಕೂತರೆ ಪಕ್ಕದವರ ಮೊಣಕೈ ತಾಗುವುದಿಲ್ಲ, ಆ ಜಾಗ ಬಿಡಿಸಿಡಲು ಹೇಳಿದ್ದೇನೆ. ಹತ್ತಿಯ ಉಡುಪಿನಲ್ಲಿ ಬನ್ನಿ, ನೈಲಾನ್ ದುಪಟ್ಟಾ ಬೇಡ. ಕೂದಲು ಕಟ್ಟಿಕೊಳ್ಳಿ, ಕಾಲು ಮುಚ್ಚುವ ಚಪ್ಪಲಿ ಹಾಕಿಕೊಳ್ಳಿ. ಕಡಗವನ್ನೂ ತನ್ನಿ, ಮೇಷ್ಟ್ರು ನೋಡಬೇಕಂತೆ.