ದಪ್ಪ ಬಣ್ಣದ ಚಿತ್ರಗಳನ್ನ ನೋಡೋದು ಹೇಗೆ?

ಶಿರಾ ಗೇಟ್, ತುಮಕೂರು:
ಶನಿವಾರ ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಹೋಗೋಣ ಅಂತ ಇದೀವಿ. ಅಭಿವ್ಯಕ್ತಿವಾದಿ ಶೈಲಿಯ ಈಗಿನ ಕಲಾವಿದರ ಪ್ರದರ್ಶನ. 10 ವರ್ಷದ ಮಗಳೂ ಬರ್ತಾಳೆ. ಬಣ್ಣ ಮೆತ್ತಿದ, ಮುಖ ಸೊಟ್ಟಗಿರೋ ಚಿತ್ರಗಳಲ್ಲಿ ಏನು ನೋಡ್ಬೇಕು? ಚಿಕ್ಕದೊಂದು ಕೊಳ್ಳೋ ಆಸೆಯೂ ಇದೆ.

ಕ್ಯಾತಸಂದ್ರ:
ರೈಲಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಆಟೋ ಹಿಡೀರಿ, ಕುಮಾರಕೃಪಾ ರಸ್ತೆ ಅಂದ್ರೆ ಸಾಕು. ಕೊನೇ ದಿನ ಮಧ್ಯಾಹ್ನದ ಮೇಲೆ ಹೋಗ್ಬೇಡಿ, ಚಿತ್ರ ಇಳಿಸೋಕೆ ಶುರು ಮಾಡಿರ್ತಾರೆ. ಸಮಯ ಉಳಿದ್ರೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿರೋ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ನೋಡಿ. ಸೋಮವಾರ ರಜೆ.

ಗುಬ್ಬಿ:
ಗೋಡೆಯ ಚೀಟಿ ಆಮೇಲೆ ಓದಿ. ಮೊದಲು ಎಲ್ಲೂ ನಿಲ್ಲದೆ ಒಂದು ಸುತ್ತು ಹಾಕಿ, ಕಣ್ಣು ಹಿಡಿದ ನಾಲ್ಕೈದಕ್ಕೆ ಮಾತ್ರ ವಾಪಸ್ ಬನ್ನಿ. 4 ಅಡಿ ಚಿತ್ರವಾದ್ರೆ 8 ಅಡಿ ದೂರದಿಂದ ಶುರು. ಆಮೇಲೆ ಎರಡಡಿ ಹತ್ತಿರ, ಕೈ ಬೆನ್ನ ಹಿಂದೆ. ಕೊನೆಗೆ ಗೋಡೆ ಪಕ್ಕದಿಂದ ಓರೆಯಾಗಿ ನೋಡಿ, ಬಣ್ಣದ ಏರುತಗ್ಗು ಆಗಲೇ ಕಾಣೋದು. ಚಪ್ಪಟೆಯಾಗಿ ಹೊಳೆಯುತ್ತಾ ಅಂಚು ಚೂಪಾಗಿದ್ರೆ ಅದು ನೈಫ್ (ಬಣ್ಣ ಬಳಿಯೋ ಚಪ್ಪಟೆ ಅಲಗು) ಕೆಲಸ, ಕೂದಲಿನ ಗೀರುಗಳಿದ್ರೆ ಬ್ರಷ್. ಎರಡು ಬಣ್ಣ ಒಂದರೊಳಗೊಂದು ಎಳೆದುಕೊಂಡು ಹೋಗಿದ್ರೆ ಕೆಳಗಿನದು ಹಸಿ ಇದ್ದಾಗಲೇ ಬಳಿದಿದ್ದು. ಎರಡರ ನಡುವಿನ ಅಂಚು ಕತ್ತರಿಸಿದ ಹಾಗೆ ಸ್ಪಷ್ಟವಾಗಿದ್ರೆ ಒಣಗಿದ ಮೇಲೆ ಬಳಿದಿದ್ದು. ಯಾವುದು ಮೊದಲು, ಯಾವುದು ಆಮೇಲೆ ಅಂತ ಮಗಳ ಹತ್ರ ಹೇಳಿಸಿ, ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ಹಿಡೀತಾರೆ.

ಮುಖ ಸೊಟ್ಟಗಿರೋದು ಕೈ ತಪ್ಪಿ ಅಲ್ಲ, ಬೇಕಂತಲೇ. 1905ರಲ್ಲಿ ಜರ್ಮನಿಯ ಡ್ರೆಸ್ಡನ್‌ನಲ್ಲಿ ಚಿತ್ರಕಾರ ಕಿರ್ಶ್ನರ್ ಮತ್ತವರ ಗೆಳೆಯರ ಗುಂಪು ಕಂಡದ್ದಕ್ಕಿಂತ ಅನಿಸಿದ್ದನ್ನ ಮುಂದಿಟ್ಟಿತು, ಅಭಿವ್ಯಕ್ತಿವಾದ ಅಂದ್ರೆ ಇದೇ. ನಮ್ಮಲ್ಲಿ ಗೋವಾ ಮೂಲದ ಚಿತ್ರಕಾರ ಎಫ್.ಎನ್. ಸೂಜಾ ಅವರ ಕಪ್ಪು ದಪ್ಪ ಗೆರೆಯ ಮುಖಗಳು ಇದೇ ದಾರಿಯವು. ಹಾಗಂತ ಸೊಟ್ಟಗಿರೋದೆಲ್ಲ ಒಳ್ಳೇ ಚಿತ್ರ ಅಂತಲೂ ಅಲ್ಲ!

ಕ್ಯಾತಸಂದ್ರ:
ಮಗು ಜೊತೆ 40 ನಿಮಿಷ ಸಾಕು ಸಾರ್. ಬ್ಯಾಕ್‌ಪ್ಯಾಕ್ ಇದ್ರೆ ಎದೆ ಕಡೆ ಹಾಕಿಕೊಳ್ಳಿ, ತಿರುಗುವಾಗ ಚಿತ್ರಕ್ಕೆ ತಗಲೋದು ಅದೇ. ಫ್ಲ್ಯಾಶ್ ಬೇಡ.

ಸಿದ್ಧಗಂಗೆ ಕಡೆಯವರು:
ಕೊಳ್ಳೋದಾದ್ರೆ ಚೀಟಿಯಲ್ಲಿ ಕೆಂಪು ಚುಕ್ಕೆ ಇರೋದು ಮಾರಾಟವಾಗಿದೆ. ಅಳತೆಯಲ್ಲಿ ಸಾಮಾನ್ಯವಾಗಿ ಎತ್ತರ ಮೊದಲು, ಅಗಲ ಆಮೇಲೆ. ಇದು ಗೊತ್ತಿಲ್ಲದೆ ಅಗಲದ ಜಾಗಕ್ಕೆ ಎತ್ತರದ ಚಿತ್ರ ತಂದುಬಿಟ್ಟೀರಿ. ಕ್ಯಾನ್ವಾಸ್ ಮೇಲಿನ ಪ್ರಿಂಟಾ, ಕೈಯಲ್ಲಿ ಬರೆದದ್ದಾ ಅಂತ ಬಾಯಿಬಿಟ್ಟು ಕೇಳಿ. ರಸೀದಿ, ಕಲಾವಿದರ ಸಹಿಯಿರೋ ಪತ್ರ ಎರಡೂ ಬೇಕು. ಅಕ್ರಿಲಿಕ್ಕಾ, ಆಯಿಲ್ಲಾ ಅಂತಲೂ ಕೇಳಿ. ತೆಳು ಅಕ್ರಿಲಿಕ್ ಒಂದು ಗಂಟೆಯೊಳಗೆ ಒಣಗುತ್ತೆ. ದಪ್ಪ ಆಯಿಲ್ ಮೇಲೆ ತೊಗಲು ಕಟ್ಟಿದ್ರೂ ಒಳಗೆ ತಿಂಗಳುಗಟ್ಟಲೆ ಮೆತ್ತಗಿರುತ್ತೆ.

ಅದಕ್ಕೇ ಬಬಲ್ ರ‍್ಯಾಪ್ ನೇರವಾಗಿ ಸುತ್ತಬಾರದು, ಗುಳ್ಳೆ ಅಚ್ಚು ಬೀಳುತ್ತೆ. ಮೊದಲು ಗ್ಲಾಸೀನ್ ಅನ್ನೋ ತೆಳು ನುಣುಪು ಕಾಗದ, ಅದರ ಮೇಲೆ ಗುಳ್ಳೆ ಹೊರಗಡೆ ಬರೋ ಹಾಗೆ ಸುತ್ತಿ, ಮುಖದ ಕಡೆ ಗಟ್ಟಿ ರಟ್ಟು. ದಪ್ಪ ಬಣ್ಣದ್ದನ್ನ ಸುರುಳಿ ಸುತ್ತಿದ್ರೆ ಬಿರುಕು ಬಿಡಬಹುದು. ಬಸ್ಸಿನ ಡಿಕ್ಕಿಗೆ ಹಾಕ್ಬೇಡಿ, ಕಾಲ ಪಕ್ಕ ನೆಟ್ಟಗೆ ನಿಲ್ಲಿಸಿಕೊಂಡು ಬನ್ನಿ.